ನಾಲ್ಕಿಂಚಿನ ಮ್ಯಾಗ್ನಮ್

ಆದೋನಿ
12 ಜೂನ್ 2023

ಮೌಲಾಲಿ ಅಣ್ಣನವರಿಗೆ ನಮಸ್ಕಾರ.

ನಾನು ಜಂಬಪ್ಪನವರ ಹೆಂಡತಿ ಸುಜಾತಾ. ಮೊನ್ನೆ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ನಿಮ್ಮ ಮನೆಯವರು ಪಕೀರಮ್ಮನವರು ಎತ್ತಿಕೊಂಡು, "ಅವರಿಗೆ ಫೋನಿನ್ಯಾಗ ಏನೂ ಕೇಳಂಗಿಲ್ರೀ ಅಕ್ಕಾ. ಎದುರಿಗೆ ಕುಂತು ಕೂಗಿದ್ರೂ ಅರ್ಧಾನೇ ತಿಳಿಯೋದು. ಬರದು ಕಳಸ್ರಿ, ಓದಿಕೊಂತಾರ" ಎಂದರು. ಅದಕ್ಕೇ ಈ ಕಾಗದ. ಇಲ್ಲಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸಿ ನಿವೃತ್ತಳಾದವಳು ನಾನು. ನಿಜವಾದ ಪತ್ರ ಬರೆದು ಎಷ್ಟು ಕಾಲವಾಯಿತೋ ನೆನಪಿಲ್ಲ.

ಮೊದಲು ಹೇಳಬೇಕಾದದ್ದು ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ನಮ್ಮ ಮನೆಯವರು ಹೋದ ದಿನ ನೀವು ಬಂದಿದ್ದಿರಿ. ನಮ್ಮ ಜಿನ್ನಿಂಗ್ ಮಿಲ್ಲಿನ ಗೇಟಿನ ಒಳಗೆ, ಹತ್ತಿ ಬೇಲುಗಳ ಪಕ್ಕ ಚಪ್ಪಲಿ ಬಿಟ್ಟು ನಿಂತಿದ್ದಿರಿ. ಮನೆಯ ಮೆಟ್ಟಿಲು ಹತ್ತಲಿಲ್ಲ. ಎಷ್ಟೋ ವರ್ಷದಿಂದ ಅವರೂ ನೀವೂ ಮಾತು ಬಿಟ್ಟಿದ್ದಿರಿ ಎಂದು ನನಗೆ ಗೊತ್ತಿತ್ತು. ಆದರೂ ಬಂದಿರಿ. ಆ ಗದ್ದಲದಲ್ಲಿ ನಿಮ್ಮನ್ನು ಮಾತಾಡಿಸಲಾಗಲಿಲ್ಲ, ಆದರೆ ನಾನು ನೋಡಿದೆ.

ಈಗ ಕೆಲಸದ ಮಾತು. ಅವರ ಎರಡು ರಿವಾಲ್ವರುಗಳು ಉಳಿದಿವೆ. ಮೊದಲು ಮೂರಿದ್ದವು. ಒಬ್ಬರ ಹತ್ತಿರ ಎರಡೇ ಇರಬೇಕು ಎಂದು ಕಾನೂನು ಬದಲಾದಾಗ ಒಂದನ್ನು ಕೊಟ್ಟರು. ಆ ವಾರವೆಲ್ಲ ಮನೆಯಲ್ಲಿ ಸರಿಯಾಗಿ ಮಾತಾಡಲಿಲ್ಲ. ಅವರು ತೀರಿಕೊಂಡ ಮೇಲೆ ಠಾಣೆಯವರು ಹೇಳಿದಂತೆ ಉಳಿದ ಎರಡನ್ನೂ ಕರ್ನೂಲಿನ ಬಂದೂಕು ಅಂಗಡಿಯ ಓಬಳೇಶರ ಬೀರುವಿನಲ್ಲಿ ಇಟ್ಟು ರಸೀದಿ ತಂದಿದ್ದೇನೆ. ಮಾರಿಬಿಡಬೇಕು. ನಿಜ ಹೇಳಬೇಕೆಂದರೆ ನನಗೆ ಅವುಗಳ ಮೇಲೆ ಯಾವತ್ತೂ ಪ್ರೀತಿ ಇರಲಿಲ್ಲ. ನಮ್ಮ ಸೀಮೆಯಲ್ಲಿ ಬಂದೂಕು ಎಂದರೆ ಜನ ಹಗೆ, ಕೊಲೆಗಳನ್ನೇ ನೆನೆಯುತ್ತಾರೆ. ತಿಂಗಳ ಎರಡನೆಯ ಭಾನುವಾರ ಅವರು ನಿಮ್ಮ ಜೊತೆ ಗುರಿ ಹೊಡೆಯುವ ರೇಂಜಿಗೆ ಹೊರಟರೆ ನಾನು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಅವು ಎಂಥವು, ಯಾರಿಗೆ ಕೊಟ್ಟರೆ ಸರಿ ಎಂದು ನಿಮ್ಮಷ್ಟು ಬಲ್ಲವರು ಇಲ್ಲ. ಎರಡು ಸಾಲು ಬರೆದರೆ ಉಪಕಾರವಾಗುತ್ತದೆ.

ಗೌರವದಿಂದ,
ಸುಜಾತಾ

*

ಆಸ್ಪರಿ
21 ಜೂನ್ 2023

ಸುಜಾತಮ್ಮನವರಿಗೆ,

ಕಾಗದ ಮುಟ್ಟಿತು. ಅಂಚೆಯವನು ನಮ್ಮ ಎಣ್ಣೆ ಮಿಲ್ಲಿಗೆ ಕರೆಂಟು ಬಿಲ್ಲು ಬಿಟ್ಟು ಬೇರೆ ಏನಾದರೂ ತಂದು ಬಹಳ ದಿನವಾಗಿತ್ತು. ಅವನೂ ನಿಂತು ನೋಡಿದ.

ಅವು ಎಂಥವು ಎಂದು ಕೇಳಿದ್ದೀರಿ. ಎರಡೂ ಅಮೆರಿಕದಲ್ಲಿ ತಯಾರಾದವು, ಹಳೆಯ ಕಾಲದವು. ಹೊರದೇಶದಿಂದ ತರಿಸುವುದು ನಿಂತ ಮೇಲೆ ಅಂಥವು ನಮ್ಮ ಕಡೆ ಕಾಣುವುದೇ ಅಪರೂಪ. ತ್ರೀ ಫಿಫ್ಟಿ ಸೆವೆನ್ ಮ್ಯಾಗ್ನಮ್ ಎಂಬ ಜೋರು ಮದ್ದಿನ ಗುಂಡು ಹಾರಿಸುತ್ತವೆ, ಆದರೆ ಮೈಕಟ್ಟು ಮಧ್ಯಮ. ಅವುಗಳ ಹೆಚ್ಚುಗಾರಿಕೆ ಇರುವುದು ಇದರಲ್ಲೇ. ಇನ್ನೂ ದೊಡ್ಡ ಮೈಯವು ಬರುತ್ತವೆ, ಹಾರೆ ಹಿಡಿದ ಹಾಗೆ ಇರುತ್ತವೆ. ಸಣ್ಣವು ಬರುತ್ತವೆ, ಗುಂಡು ಹೊಡೆದರೆ ಕೈಯಿಂದ ಕಪ್ಪೆಯ ಹಾಗೆ ನೆಗೆಯುತ್ತವೆ. ಮಧ್ಯಮದ್ದು ಮಾತ್ರ ಕೈಗೆ ಒಪ್ಪುತ್ತದೆ, ಸೊಂಟಕ್ಕೂ ಭಾರವಿಲ್ಲ. ಆ ದೇಶದ ಪೊಲೀಸರು ದಿನವಿಡೀ ಕಟ್ಟಿಕೊಂಡು ತಿರುಗಲಿ ಎಂದೇ ಮಾಡಿದ್ದು.

ನಿಮ್ಮಲ್ಲಿರುವ ಆರಿಂಚಿನ ನಳಿಕೆಯದು ಉಕ್ಕಿನ ಬಿಳುಪು. ಗುರಿಗೆ ಒಳ್ಳೆಯದು. ನಾಲ್ಕಿಂಚಿನದು ಕಡುನೀಲಿ, ಮರದ ಹಿಡಿ. ಜಂಬಪ್ಪ ಅದನ್ನು ಬಳ್ಳಾರಿಯ ಒಬ್ಬ ನಿವೃತ್ತ ಮಿಲಿಟರಿ ಡಾಕ್ಟರರಿಂದ ಕೊಂಡ. ಡಾಕ್ಟರು ಮೊದಲು ಕೊಡಲು ಒಪ್ಪಿರಲಿಲ್ಲ. ಇವನು ಆರು ತಿಂಗಳು ಅವರ ಮನೆಗೆ ಹೋಗಿ ಚಹಾ ಕುಡಿದು, ಅದನ್ನು ಒರೆಸಿಕೊಟ್ಟು ಬರುತ್ತಿದ್ದ. ಕೊನೆಗೆ ಅವರೇ, "ನನ್ನ ಮಗನಿಗಿಂತ ನಿನ್ನ ಹತ್ತಿರ ಚೆಂದ ಇರುತ್ತದೆ, ಒಯ್ಯಿ" ಎಂದರಂತೆ.

ಈ ಜಾತಿಯ ರಿವಾಲ್ವರಿಗೆ ಒಂದು ನಾಜೂಕಿದೆ. ನಳಿಕೆ ಶುರುವಾಗುವ ಬಾಯಿ ಕೆಳಬದಿಗೆ ತೆಳ್ಳಗಿರುತ್ತದೆ. ಯಾವಾಗಲೂ ಜೋರು ಗುಂಡೇ ಹೊಡೆದರೆ ಅಲ್ಲಿ ಬಿರುಕು ಬಿಡುತ್ತದೆ. ಅದಕ್ಕೆ ಜಂಬಪ್ಪ ಬೆಳಗೆಲ್ಲ ಹಗುರ ಮದ್ದಿನದೇ ಹೊಡೆಯುತ್ತಿದ್ದ. ಕೊನೆಯ ಒಂದು ಸುತ್ತು, ಆರು ಗುಂಡು, ಮಾತ್ರ ಮ್ಯಾಗ್ನಮ್. ಆಗ ರೇಂಜಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಹೊಡೆದು ಮುಗಿಸಿ ನನ್ನ ಕಡೆ ತಿರುಗಿ ನಗುತ್ತಿದ್ದ. ಆ ನಗು ಬೇರೆ ಕಡೆ ನಾನು ಕಂಡಿಲ್ಲ.

ಮಾರುವುದಾದರೆ ಓಬಳೇಶನೇ ಒಳ್ಳೆಯ ಗಿರಾಕಿ ಹುಡುಕುತ್ತಾನೆ. ಅದಕ್ಕೂ ಮೊದಲು ಒಂದು ಕೋರಿಕೆ. ಅವನ ಅಂಗಡಿಯಲ್ಲಿ, ಖಾಲಿ ಇದೆ ಎಂದು ಅವನು ತೆರೆದು ತೋರಿಸಿದ ಮೇಲೆ, ನಾಲ್ಕಿಂಚಿನದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ.

ಮೌಲಾಲಿ

*

ಆದೋನಿ
9 ಜುಲೈ 2023

ಮೌಲಾಲಿ ಅಣ್ಣನವರಿಗೆ,

ಹಿಡಿದು ನೋಡಿದೆ.

ಓಬಳೇಶರು ಒಂದು ಹಸಿರು ಬಟ್ಟೆ ಹಾಸಿ ಅದರ ಮೇಲೆ ಇಟ್ಟರು. ಸಿಲಿಂಡರ್ ಹೊರಗೆ ತೆಗೆದು ಆರೂ ತೂತು ತೋರಿಸಿದರು, ಬೆಳಕಿಗೆ ಹಿಡಿದು ನಳಿಕೆ ತೋರಿಸಿದರು. ಆಮೇಲೆ, "ತಗೊಳ್ರಿ ಅಮ್ಮಾ, ಇದು ಕಚ್ಚಂಗಿಲ್ಲ" ಎಂದರು. ಸೆರಗಿಗೆ ಕೈ ಒರೆಸಿಕೊಂಡು ಎತ್ತಿಕೊಂಡೆ.

ಅಣ್ಣಾ, ಆ ಮರದ ಹಿಡಿಯ ಬಲಬದಿಯಲ್ಲಿ ಗೀರಿನ ನಕಾಶೆ ಪೂರ್ತಿ ಸವೆದಿದೆ. ಎಡಬದಿಯಲ್ಲಿ ಇನ್ನೂ ಇದೆ. ಅವರ ಅಂಗೈ ಕೂತ ಜಾಗ ಅದು. ನನ್ನ ಅಂಗೈ ಸಣ್ಣದು, ಆ ನುಣುಪಿನಲ್ಲಿ ಹೋಗಿ ಕೂತಿತು. ಅವರು ಹೋದ ಮೇಲೆ ಅಂಗಿ, ಕನ್ನಡಕ, ಚಪ್ಪಲಿ ಎಲ್ಲ ಎತ್ತಿಟ್ಟಿದ್ದೇನೆ. ಯಾವುದನ್ನು ಮುಟ್ಟಿದರೂ ಅವರು ಇಲ್ಲ ಅನ್ನಿಸುತ್ತಿತ್ತು. ಇದನ್ನು ಹಿಡಿದಾಗ ಹಾಗೆ ಅನ್ನಿಸಲಿಲ್ಲ.

ಇದನ್ನು ನಾನು ಮಾರುವುದಿಲ್ಲ. ವಾರಸುದಾರಳೆಂದು ನನ್ನ ಹೆಸರಿಗೇ ಲೈಸೆನ್ಸ್ ಕೇಳಬಹುದಂತೆ. ಆದರೆ ಸುರಕ್ಷತೆಯ ತರಬೇತಿ ಆಗಬೇಕು, ಅದರ ಸರ್ಟಿಫಿಕೇಟ್ ಕೊಡಬೇಕು. ಅಂದರೆ ಕಲಿಯಬೇಕು. ಕಲಿಯುತ್ತೇನೆ.

ಗುಂತಕಲ್ಲಿನಲ್ಲಿ ರೈಲ್ವೆ ಕೆಲಸದಲ್ಲಿರುವ ನನ್ನ ಮಗಳು ಶೋಭಾರಾಣಿ ಕೇಳಿ ಫೋನಿನಲ್ಲೇ ಅತ್ತಳು. "ಅಮ್ಮಾ, ಈ ವಯಸ್ಸಿನ್ಯಾಗ ನಿನಗ ಪಿಸ್ತೂಲ್ ಯಾಕ? ಮನ್ಯಾಗ ಒಬ್ಬಾಕಿ ಇರ್ತಿ. ಜನ ಏನಂತಾರ?"
"ಜನ ಅಂದದ್ದು ನಿಮ್ಮಪ್ಪಗೂ ಅಂದಾರ. ನಾನೂ ಅಂದೀನಿ," ಎಂದೆ.

ಕೊನೆಗೆ ಒಂದು ಒಪ್ಪಂದವಾಯಿತು. ಆರಿಂಚಿನದು ಮಾರುವುದು. ನಾಲ್ಕಿಂಚಿನದು ಇಟ್ಟುಕೊಳ್ಳುವುದು, ಆದರೆ ಮನೆಯಲ್ಲಿ ಅಲ್ಲ, ಓಬಳೇಶರ ಬೀರುವಿನಲ್ಲೇ. ರೇಂಜಿಗೆ ಹೋಗುವ ದಿನ ತೆಗೆದುಕೊಂಡು ಹೋಗುವುದು.

ನೀವು ನನಗೆ ಕಲಿಸಬೇಕು. ಎದುರಿಗೆ ಕೂತು ಮಾತಾಡಿದರೆ ನಿಮಗೆ ಕೇಳುವುದಿಲ್ಲ, ಸರಿ. ಬರೆದು ಕಲಿಸಿ. ಮತ್ತೆ, ನೀವು ರೇಂಜಿಗೆ ಬರುವುದನ್ನು ಯಾಕೆ ಬಿಟ್ಟಿರಿ? ಅವರನ್ನು ಎಷ್ಟು ಸಲ ಕೇಳಿದರೂ ಎದ್ದು ಹೊರಗೆ ಹೋಗುತ್ತಿದ್ದರು.

ಸುಜಾತಾ

*

ಆಸ್ಪರಿ
16 ಜುಲೈ 2023

ಸುಜಾತಮ್ಮನವರಿಗೆ,

ಪಕೀರಮ್ಮನಿಗೆ ನಿಮ್ಮ ಕಾಗದ ಓದಿ ಹೇಳಿದೆ. "ಭೇಷ್" ಎಂದಳು. ನನಗೆ ಅವಳ ತುಟಿ ನೋಡಿ ತಿಳಿಯುವ ಮಾತುಗಳಲ್ಲಿ ಅದೂ ಒಂದು. ಅಪರೂಪಕ್ಕೆ ಬರುತ್ತದೆ.

ಕಲಿಸುತ್ತೇನೆ. ಮೊದಲನೆಯದು, ನೀವು ಕಣ್ಣಾರೆ ತೆರೆದು ನೋಡುವ ತನಕ ಅದು ತುಂಬಿದೆ ಎಂದೇ ತಿಳಿಯಬೇಕು. ಓಬಳೇಶ ಹೇಳಿದರೂ, ನಾನು ಹೇಳಿದರೂ, ಇನ್ನೊಮ್ಮೆ ನೀವು ನೋಡಬೇಕು. ಅದರ ಬಾಯಿ ಯಾವ ಕಡೆ ಇದೆ ಎಂಬುದು ನಿದ್ದೆಯಲ್ಲಿ ಕೇಳಿದರೂ ಗೊತ್ತಿರಬೇಕು. ಹೊಡೆಯುವ ಮನಸ್ಸು ಪೂರ್ತಿ ಆಗುವ ತನಕ ಬೆರಳು ಟ್ರಿಗರಿನ ಹೊರಗೆ, ರಿವಾಲ್ವರಿನ ಮೈಗುಂಟ ಚಾಚಿ ಇರಬೇಕು. ಇಷ್ಟು ಮರೆಯದಿದ್ದರೆ ಉಳಿದದ್ದು ತಪ್ಪಾದರೂ ಚಿಂತೆಯಿಲ್ಲ.

ಆಯುಧ ಕೈಗೆ ಬರುವ ತನಕ ಸುಮ್ಮನೆ ಕೂರಬೇಡಿ. ಒಂದು ತಂಬಿಗೆ ತುಂಬ ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು, ತೋಳು ಮುಂದೆ ಚಾಚಿ ನಿಲ್ಲಿ. ನೀರು ಅಲುಗಬಾರದು. ಅಲುಗುತ್ತದೆ. ದಿನ ಕಳೆದಂತೆ ಕಡಿಮೆ ಅಲುಗುತ್ತದೆ. ಸೂಜಿಗೆ ದಾರ ಪೋಣಿಸುವಾಗ ಉಸಿರು ತಾನಾಗಿ ನಿಲ್ಲುತ್ತದಲ್ಲ, ಟ್ರಿಗರ್ ಒತ್ತುವಾಗಲೂ ಅಷ್ಟೇ. ಬೆರಳು ಮಾತ್ರ ಹಿಂದೆ ಬರಲಿ, ಕೈ ಬರಬಾರದು. ಸದ್ದಿಗೆ ಮುಂಚೆಯೇ ಹೆದರಿ ಕಣ್ಣು ಮುಚ್ಚುವುದು ಎಲ್ಲರಿಗೂ ಆಗುತ್ತದೆ. ಜಂಬಪ್ಪನಿಗೆ ಒಂದು ವರ್ಷ ಆಗುತ್ತಿತ್ತು, ಅವನು ಒಪ್ಪುತ್ತಿರಲಿಲ್ಲ.

ಕಿವಿಗೆ ಮರೆಯದೆ ಮುಚ್ಚಳ ಹಾಕಿಕೊಳ್ಳಿ. ಹರೆಯದಲ್ಲಿ ನಾವು ಹತ್ತಿ ತುರುಕಿಕೊಂಡು ಹೊಡೆದವರು. ಈಗ ನೀವು ನನಗೆ ಕಾಗದ ಬರೆಯಬೇಕಾಗಿದೆ.

ನಿಮ್ಮ ಕೊನೆಯ ಪ್ರಶ್ನೆಗೆ ಇವತ್ತು ಉತ್ತರವಿಲ್ಲ. ತಪ್ಪು ತಿಳಿಯಬೇಡಿ.

ಮೌಲಾಲಿ

*

ಆದೋನಿ
10 ಸೆಪ್ಟೆಂಬರ್ 2023

ಮೌಲಾಲಿ ಅಣ್ಣನವರಿಗೆ,

ತಡವಾಯಿತು. ಅರ್ಜಿ ಕೊಟ್ಟ ಮೇಲೆ ವಿಚಾರಣೆಗೆ ಎಸ್ಸೈ ಬರಬೇಕಿತ್ತು. ಶ್ರಾವಣ ತಿಂಗಳು, ಸ್ಟೇಷನ್ನಿನ ಮುಕ್ಕಾಲು ಜನ ಉರುಕುಂದದ ಜಾತ್ರೆಯ ಬಂದೋಬಸ್ತಿಗೆ ಹೋಗಿದ್ದರು. ಕೊನೆಗೆ ಬಂದರು, ನಮ್ಮ ಶೋಭಾಳಿಗಿಂತ ಚಿಕ್ಕ ಹುಡುಗಿ. ಚಹಾ ಕುಡಿಯುತ್ತ ತೆಲುಗಿನಲ್ಲಿ, "ಮೇಡಂ, ಮೀಕು ಎವರಿತೋನೈನಾ ಗೊಡವ ಉಂದಾ?" ಎಂದು ಕೇಳಿದರು. ಯಾರ ಜೊತೆಗೂ ನನಗೆ ಜಗಳವಿಲ್ಲ ಎಂದೆ. "ಮತ್ತೆ ಯಾಕೆ ಬೇಕು?" ಎಂದರು. ನಾನು ನಿಮ್ಮ ಕಾಗದದಲ್ಲಿದ್ದ ಮಾತನ್ನೇ ಹೇಳಿದೆ, ನಳಿಕೆಯ ಬಾಯಿ, ಹಗುರ ಮದ್ದು, ಕೊನೆಯ ಒಂದು ಸುತ್ತು ಮ್ಯಾಗ್ನಮ್. ಆ ಹುಡುಗಿ ಪೆನ್ನು ಕೆಳಗಿಟ್ಟು ಕೇಳಿದಳು. ಹೊರಡುವಾಗ, "ನಮ್ಮ ಟ್ರೇನಿಂಗಿನಲ್ಲಿ ಇಷ್ಟು ಪ್ರೀತಿಯಿಂದ ಯಾರೂ ಹೇಳಿಕೊಡಲಿಲ್ಲ ಮೇಡಂ" ಎಂದಳು. ಅದು ನಿಮಗೆ ಸೇರಬೇಕಾದದ್ದು, ತಲುಪಿಸುತ್ತಿದ್ದೇನೆ.

ಮಾಳಿಗೆ ಮೇಲೆ ದಿನಾ ಬೆಳಿಗ್ಗೆ ತಂಬಿಗೆ ಹಿಡಿದು ನಿಲ್ಲುತ್ತೇನೆ. ಪಕ್ಕದ ಮನೆಯ ಲಿಂಗಕ್ಕ ಬಟ್ಟೆ ಒಣಹಾಕಲು ಬಂದವಳು ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ, "ಟೀಚರಮ್ಮಾ, ಸೂರ್ಯನಿಗೆ ನೀರು ಬಿಡೋದಾದ್ರ ಬಿಟ್ಟುಬಿಡ್ರಿ, ಎಷ್ಟೊತ್ತು ಹಿಡಕೊಂಡು ನಿಲ್ಲತೀರಿ?" ಎಂದಳು. ನಕ್ಕು ನೀರೆಲ್ಲ ಸೀರೆಯ ಮೇಲೆ ಚೆಲ್ಲಿಕೊಂಡೆ. ನಮ್ಮ ಮನೆಯವರು ಹೋದ ಮೇಲೆ ನಾನು ಜೋರಾಗಿ ನಕ್ಕದ್ದು ಅದೇ ಮೊದಲು.

ರೈಫಲ್ ಕ್ಲಬ್ಬಿನಲ್ಲಿ ತರಬೇತಿಯೂ ಮುಗಿಯಿತು. ನಂದವರಂ ದಾಟಿ ಆ ಕಲ್ಲುಗುಡ್ಡದ ಕೆಳಗಿನ ರೇಂಜು, ನಿಮಗೆ ಗೊತ್ತೇ ಇದೆ. ಕ್ಲಬ್ಬಿನ ಸಣ್ಣ ಪಿಸ್ತೂಲಿನಲ್ಲಿ ಕಲಿಸಿದರು. ಕಣ್ಣು ಮುಚ್ಚುತ್ತೇನೆ. ಒಪ್ಪಿಕೊಳ್ಳುತ್ತೇನೆ.

ಅಲ್ಲಿ ಹಳಬರು ನಿಮ್ಮನ್ನು ಕೇಳಿದರು. ಯಾಕೆ ಬರುವುದು ಬಿಟ್ಟರು ಎಂದು ನಾನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ನೀವೇ ಹೇಳಿ. ನಮ್ಮ ಮನೆಯವರದೇ ತಪ್ಪಾಗಿದ್ದರೂ ಹೇಳಿ.

ಸುಜಾತಾ

*

ಆಸ್ಪರಿ
28 ಸೆಪ್ಟೆಂಬರ್ 2023

ಸುಜಾತಮ್ಮನವರಿಗೆ,

ಹೇಳುತ್ತೇನೆ. ಯಾರ ತಪ್ಪು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಬೇಸಿಗೆಯ ಒಂದು ಭಾನುವಾರ. ಜಂಬಪ್ಪ ನಾಲ್ಕಿಂಚಿನದರಲ್ಲಿ ಕೊನೆಯ ಸುತ್ತು ಹೊಡೆಯುತ್ತಿದ್ದ. ಗುಂಡುಗಳು ಹಳೆಯವು, ಎಷ್ಟೋ ವರ್ಷ ಕಾಪಾಡಿ ಇಟ್ಟಿದ್ದವು. ಊರ ದೊಡ್ಡವರು, ಹೊಸ ಸದಸ್ಯರು, ಎಲ್ಲರೂ ಹಿಂದೆ ನಿಂತಿದ್ದರು. ಎರಡು ಹೊಡೆದ. ಮೂರನೆಯದರ ಸದ್ದು ನನಗೆ ಕಡಿಮೆ ಅನ್ನಿಸಿತು. ಮದ್ದು ಸರಿಯಾಗಿ ಹತ್ತದಿದ್ದರೆ ಸದ್ದು ಸಣ್ಣದಾಗುತ್ತದೆ, ಗುಂಡು ಹೊರಗೆ ಹೋಗದೆ ನಳಿಕೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಕೆ ಸೀಳುತ್ತದೆ. ಕೈ ಹೋಗಬಹುದು, ಕಣ್ಣು ಹೋಗಬಹುದು. ಅವನು ಆಗಲೇ ಗುಂಡಿಗೆ ಬಡಿಯುವ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದಿದ್ದ. "ನಿಲ್ಲೋ" ಎಂದು ಕೂಗಿದೆ. ಅವನ ಕಿವಿಗೆ ಮುಚ್ಚಳ. ಹೋಗಿ ಮಣಿಕಟ್ಟು ಹಿಡಿದುಬಿಟ್ಟೆ.

ತುಂಬಿದ ಆಯುಧ ಹಿಡಿದವನ ಕೈ ಹಿಡಿಯುವುದು ರೇಂಜಿನಲ್ಲಿ ಮಾಡಬಾರದ ಕೆಲಸ. ಅವನು ಮುಗ್ಗರಿಸಿದ. ಎಲ್ಲರೂ ನಕ್ಕರು. ಅವನಿಗೆ ಸಿಟ್ಟು ನೆತ್ತಿಗೇರಿತು.

"ಏನೋ ಇದು? ಹುಚ್ಚು ಹಿಡದೈತೇನು?"
"ಸದ್ದು ಸಣ್ಣಾತು, ಜಂಬಪ್ಪ. ಬ್ಯಾರಲ್ ನೋಡು."
"ನಿನಗ ಸದ್ದು! ಕಿವುಡ, ನಿನಗ ಎಲ್ಲಾ ಸದ್ದೂ ಸಣ್ಣವ. ಕೈ ಬಿಡು. ಮುಟ್ಟಬ್ಯಾಡ ನನ್ನ."

ಆ ತಿಂಗಳೇ ಬಳ್ಳಾರಿಯ ಕಿವಿ ಡಾಕ್ಟರು ನನಗೆ ಹೇಳಿದ್ದರು, ಎರಡೂ ಕಿವಿ ಹೋಗುತ್ತಿವೆ, ವಾಪಸು ಬರುವುದಿಲ್ಲ ಎಂದು. ಅದನ್ನು ನಾನು ಹೇಳಿದ್ದು ಜಂಬಪ್ಪನಿಗೆ ಒಬ್ಬನಿಗೇ. ಅವನು ಅದನ್ನು ಎಲ್ಲರ ಎದುರಿಗೆ ಎತ್ತಿ ಹಾಕಿದ. ನಾನು ಅಲ್ಲಿಂದ ಬಂದೆ. ನಳಿಕೆ ನೋಡಲು ನಿಲ್ಲಲಿಲ್ಲ.

ಬಸ್ಸಿನಲ್ಲಿ ಬರುತ್ತ, ಅವನು ಹೇಳಿದ್ದೇ ನಿಜವಿರಬೇಕು ಅನ್ನಿಸಿತು. ಗುಂಡಿನ ಸದ್ದೇ ತಿಳಿಯದವನು ಆ ಸಾಲಿನಲ್ಲಿ ನಿಲ್ಲಬಾರದು. ನಾಳೆ ಇನ್ನೊಬ್ಬನ ಕೈ ಹಿಡಿದು ಅವನನ್ನು ಕೊಂದುಬಿಟ್ಟರೆ? ನನ್ನದನ್ನು ಓಬಳೇಶನಿಗೆ ಕೊಟ್ಟೆ. ಲೈಸೆನ್ಸ್ ವಾಪಸು ಮಾಡಿದೆ. ಅಷ್ಟೇ ಆದದ್ದು.

ಜಂಬಪ್ಪನ ಮೇಲೆ ಸಿಟ್ಟಿಲ್ಲ. ಒಂದು ಕಾಲದಲ್ಲಿ ಇತ್ತು. ಅವನ ಜೊತೆ ಕಳೆದ ಭಾನುವಾರಗಳು ಅದಕ್ಕಿಂತ ಬಹಳ ಹೆಚ್ಚು.

ಮೌಲಾಲಿ

*

ಆದೋನಿ
15 ಅಕ್ಟೋಬರ್ 2023

ಅಣ್ಣಾ,

ನಿಮ್ಮ ಕಾಗದ ಓದಿದ ಮರುದಿನವೇ ಕರ್ನೂಲಿನ ಬಸ್ಸು ಹತ್ತಿದೆ. ಓಬಳೇಶರ ಅಂಗಡಿಗೆ ಹೋಗಿ, ಆ ಬೇಸಿಗೆಯಲ್ಲಿ ನಮ್ಮವರು ನಾಲ್ಕಿಂಚಿನದನ್ನು ತಂದಿದ್ದು ನೆನಪಿದೆಯೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ, ನಿಧಾನವಾಗಿ ಓದಿ.

"ಮರೀತೀನೇನ್ರೀ ಅಮ್ಮಾ. ಪರೀಕ್ಷೆ ಮಾಡಿಸದ ಇದನ್ನ ಹೊಡೀಬ್ಯಾಡ್ರಿ ಅಂತ ಕ್ಲಬ್ಬಿನವರು ಹೇಳಿದ್ರಂತ, ಅವತ್ತು ಮಧ್ಯಾಹ್ನನ ತಂದ್ರು. ಬರುವಾಗ ಬೈಕೊಂತನ ಬಂದ್ರು. ಬ್ಯಾರಲ್ಲಿನ್ಯಾಗ ಹಿತ್ತಾಳಿ ಸಲಾಕಿ ಇಳಿಸಿದೆ, ಅರ್ಧಕ್ಕ ನಿಂತಿತು. ಸಾಹೇಬ್ರ ಬಾಯಿ ನಿಂತಿತು. ಗುಂಡು ಅಲ್ಲೇ ಐತಿ. ನಿಧಾನಕ್ಕ ಬಡದು ತಗದೆ, ಅವರ ಅಂಗೈಯಾಗ ಬಿತ್ತು. ಈ ಬೆಂಚಿನ ಮ್ಯಾಲೆ ಕುಂತ್ರು. ನೀರು ಕೊಟ್ಟೆ, ಕುಡೀಲಿಲ್ಲ. 'ಓಬಳೇಶ, ಇವತ್ತು ನನ್ನ ಕೈ ಮೈಮ್ಯಾಲೆ ಐತಿ ಅಂದ್ರ ಮೌಲಾಲಿ ಹಿಡದಿದ್ದಕ್ಕ. ಅಷ್ಟು ಮಂದಿ ಇದ್ವಿ. ಒಬ್ಬರಿಗೂ ಕೇಳಲಿಲ್ಲ. ಅವನಿಗೆ ಒಬ್ಬನಿಗೇ ಕೇಳಿತು' ಅಂದ್ರು."

ಅಣ್ಣಾ, ನಿಮ್ಮ ಕಿವಿ ಸರಿಯಾಗಿಯೇ ಕೇಳಿದ್ದವು.

ಹಾಗಾದರೆ ಅವರು ಹೋಗಿ ನಿಮಗೆ ಹೇಳಬಾರದಿತ್ತೇ ಎಂದು ನಾನು ಓಬಳೇಶರನ್ನೇ ಗದರಿಸಿದೆ. "ನಾನೂ ಅದನ್ನ ಅಂದೆ. ನಾಳೆ ಹೋಗತೀನಿ ಅಂದ್ರು. ಆಮ್ಯಾಲ ಕಂಡಾಗೆಲ್ಲ ಕೇಳತಿದ್ದೆ. ಒಂದು ಸಲ ಆಸ್ಪರಿ ತನಕ ಹೋಗಿದ್ರಂತ. ಮೌಲಾಲಿಯವರ ಮಿಲ್ಲಿನ ಎದುರಿಗೆ ಕಾರು ನಿಲ್ಲಿಸಿದ್ರಂತ. ಒಳಗ ಅವರು ಯಾರ ಮಾತೋ ಕೇಳಾಕ ಕಿವಿಗೆ ಕೈ ಹಚ್ಚಿಕೊಂಡು ಬಗ್ಗಿದ್ದು ಕಂಡಿತಂತ. 'ಇಳಿಯಾಕ ಕಾಲು ಬರಲಿಲ್ಲ, ಓಬಳೇಶ' ಅಂದ್ರು."

ಇಷ್ಟು ವರ್ಷ ಅವರು ಇದನ್ನು ಒಳಗಿಟ್ಟುಕೊಂಡು ನನ್ನ ಪಕ್ಕದಲ್ಲೇ ಉಂಡು ಮಲಗಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಆಮೇಲೆ ಬಹಳ ಮರುಕ ಬಂತು. ಅವರು ಹೇಳದೆ ಹೋದ ಮಾತನ್ನು ನಾನು ಹೇಳುತ್ತೇನೆ. ನಿಮ್ಮಿಂದ ನನ್ನ ಗಂಡ ಎರಡು ಕಣ್ಣು, ಎರಡು ಕೈ ಇಟ್ಟುಕೊಂಡು ಬದುಕಿದರು. ಮೊಮ್ಮಗಳನ್ನು ಎತ್ತಿ ಆಡಿಸಿದರು. ಅವಳ ಜಡೆ ಹೆಣೆದರು. ಅದೆಲ್ಲ ನೀವು ಕೊಟ್ಟದ್ದು.

ನಿಮ್ಮ ತಂಗಿ,
ಸುಜಾತಾ

*

ಆಸ್ಪರಿ
19 ನವೆಂಬರ್ 2023

ತಂಗಿ ಸುಜಾತಾಗೆ,

ಉತ್ತರ ಬರೆಯಲು ಕೂತು ಎಷ್ಟೋ ಸಲ ಎದ್ದೆ. ಮಿಲ್ಲಿಗೆ ಶೇಂಗಾ ಬರುವ ಕಾಲ, ಪುರುಸೊತ್ತಿಲ್ಲ ಎಂದು ನನಗೆ ನಾನೇ ನೆವ ಹೇಳಿಕೊಂಡೆ.

ಕಾಗದ ಬಂದ ದಿನ ಅಂಗಳದಲ್ಲಿ ನಿಂತೇ ಓದಿದೆ. ಪಕೀರಮ್ಮ ಹೊರಗೆ ಬಂದು ನನ್ನ ಮುಖ ನೋಡಿ ಯಾರೋ ಸತ್ತರು ಅಂದುಕೊಂಡಳು. ಓದಿ ಹೇಳಿ ಎಂದು ಸನ್ನೆ ಮಾಡಿದಳು. ಓದಿದೆ. ನನ್ನ ದನಿ ಎಷ್ಟು ದೊಡ್ಡದಾಗುತ್ತದೆ ಎಂದು ನನಗೆ ತಿಳಿಯುವುದಿಲ್ಲ, ನೋಡು. ತಲೆ ಎತ್ತಿದರೆ ಅಂಗಳದ ಗೋಡೆಯ ಆಚೆ ಓಣಿಯ ಜನ ನಿಂತಿದ್ದರು. ಚೀಲ ಹೊರುವವರು, ಅಂಗಡಿಯ ಸುಭದ್ರಮ್ಮ, ಎಲ್ಲರೂ. ಪಕೀರಮ್ಮ ಅವರ ಕಡೆ ತಿರುಗಿ ಏನೋ ಹೇಳಿದಳು. ಏನು ಹೇಳಿದೆ ಎಂದು ಆಮೇಲೆ ಕೇಳಿದರೆ ಸ್ಲೇಟಿನ ಮೇಲೆ ಬರೆದು ತೋರಿಸಿದಳು, ಅವಳಿಗೆ ಬರುವ ಅಷ್ಟೇ ಅಕ್ಷರದಲ್ಲಿ: "ನಮ್ಮವರಿಗೆ ಕೇಳಿತ್ತು."

ಅವಳು ಅವತ್ತಿನಿಂದ ಇವತ್ತಿನ ತನಕ ರೇಂಜಿಗೆ ಹೋಗುವುದು ಯಾಕೆ ಬಿಟ್ಟಿರಿ ಎಂದು ನನ್ನನ್ನು ಕೇಳಿರಲಿಲ್ಲ. ಅವಳೂ ನನ್ನ ಹಾಗೆಯೇ ನನ್ನ ಕಿವಿಯನ್ನು ಅನುಮಾನಿಸಿದ್ದಳು ಎಂದು ಈಗ ತಿಳಿಯಿತು.

ತಂಗಿ, ಕಿವಿ ಹೋದದ್ದಕ್ಕೆ ನಾನು ಅಷ್ಟು ಕೊರಗಲಿಲ್ಲ. ನನ್ನ ಮೇಲಿನ ನಂಬಿಕೆ ಹೋಗಿತ್ತು. ಹಾಲು ಉಕ್ಕುವ ವಾಸನೆ ಬಂದರೂ ಬಂತೋ ಇಲ್ಲವೋ ಎಂದು ಎದ್ದು ಹೋಗಿ ನೋಡುತ್ತಿದ್ದೆ. ಮಿಲ್ಲಿನ ಯಂತ್ರ ಮುಟ್ಟಿ ನೋಡಿ, ಸರಿಯಾಗಿ ನಡೆಯುತ್ತಿದೆ ಎಂದು ತಿಳಿದರೂ ಇನ್ನೊಬ್ಬನನ್ನು ಕರೆದು ಕೇಳುತ್ತಿದ್ದೆ. ಈಗ ಕೇಳುವುದು ಬಿಟ್ಟಿದ್ದೇನೆ.

ಓಬಳೇಶನ ಬೆಂಚಿನ ಮೇಲೆ ಕೂತು ಜಂಬಪ್ಪ ಆ ಮಾತು ಹೇಳಿದನಲ್ಲ, ನನಗೆ ಅಷ್ಟು ಸಾಕು. ಕಾರು ನಿಲ್ಲಿಸಿ ವಾಪಸು ಹೋದನಲ್ಲ, ಪೆದ್ದ. ಇಳಿದಿದ್ದರೆ ಒಂದು ಲೋಟ ಚಹಾಕ್ಕೆ ಮುಗಿದು ಹೋಗುತ್ತಿತ್ತು. ಅವನು ಇರುವ ತನಕ ನಾನೂ ಒಂದು ಸಲವೂ ಆದೋನಿಗೆ ಹೋಗಲಿಲ್ಲ. ನಾನೂ ಪೆದ್ದನೇ.

ನಿನ್ನ ಅಣ್ಣ,
ಮೌಲಾಲಿ

*

ಆದೋನಿ
22 ಜನವರಿ 2024

ಅಣ್ಣನವರಿಗೆ,

ಲೈಸೆನ್ಸ್ ಬಂತು! ಸಣ್ಣ ಪುಸ್ತಕ, ನನ್ನ ಫೋಟೋ, ಕೆಳಗೆ ನಾಲ್ಕಿಂಚಿನದರ ನಂಬರು. ಫೋಟೋದಲ್ಲಿ ಹಾಜರಿ ತೆಗೆದುಕೊಳ್ಳುವವಳ ಹಾಗೆ ಕಾಣುತ್ತೇನೆ. ಆರಿಂಚಿನದನ್ನು ಓಬಳೇಶರು ಅನಂತಪುರದ ಒಬ್ಬ ಲೈಸೆನ್ಸುದಾರರಿಗೆ ಕೊಡಿಸಿದರು. ಅವರು ಬೀರುವಿನಲ್ಲಿ ಇಡುವವರಲ್ಲ, ಹೊಡೆಯುವವರು ಎಂದು ಖಾತ್ರಿ ಮಾಡಿಕೊಂಡೇ ಒಪ್ಪಿದೆ.

ಫೆಬ್ರವರಿಯ ಎರಡನೆಯ ಭಾನುವಾರ ರೇಂಜಿಗೆ ಹೋಗುತ್ತೇನೆ. ಅವರು ಹೋಗಿ ಆಗ ಒಂದು ವರ್ಷವಾಗಿರುತ್ತದೆ. ಶೋಭಾ ಬರುತ್ತಾಳೆ, ಆದರೆ ಗೇಟಿನ ಹೊರಗೆ ನಿಲ್ಲುತ್ತಾಳಂತೆ. ನೀವು ಬರಲೇಬೇಕು. ಪಕೀರಮ್ಮನವರನ್ನೂ ಕರೆತನ್ನಿ. ನಿಮ್ಮ ಸ್ನೇಹ ಇಷ್ಟು ವರ್ಷದ್ದು, ಹೆಂಗಸರು ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಿಲ್ಲ. ರೊಟ್ಟಿ ನಾನು ತರುತ್ತೇನೆ.

ಕ್ಲಬ್ಬಿನ ಹಳಬರಿಗೆ ಓಬಳೇಶರು ಎಲ್ಲ ಹೇಳಿದ್ದಾರೆ. ನಾನು ಹೇಳಿಸಿದೆ.

ತಂಗಿ,
ಸುಜಾತಾ

*

ಆದೋನಿ
13 ಫೆಬ್ರವರಿ 2024

ಅಣ್ಣನವರಿಗೆ, ಅತ್ತಿಗೆಗೆ,

ನೀವಿಬ್ಬರೂ ಅಲ್ಲೇ ಇದ್ದಿರಿ, ಆದರೂ ಬರೆಯದೆ ಇರಲಾರೆ.

ನೀವು ಗೇಟಿನಲ್ಲಿ ಕಾಲಿಟ್ಟಾಗ ಹಳಬರೆಲ್ಲ ಕುರ್ಚಿಯಿಂದ ಎದ್ದರು. ಅವರಲ್ಲಿ ಯಂಕಣ್ಣನವರು ಬಂದು ನಿಮ್ಮ ಎರಡೂ ಕೈ ಹಿಡಿದುಕೊಂಡರು. ಏನೋ ಹೇಳಿದರು, ನಿಮಗೆ ಕೇಳಲಿಲ್ಲ, ನೀವು ಸುಮ್ಮನೆ ತಲೆ ಆಡಿಸಿದಿರಿ. ಅವರು ಹೇಳಿದ್ದು ಇದು: "ಅವತ್ತು ನಕ್ಕವರಾಗ ನಾನೂ ಇದ್ದೆ. ಮಾಫ್ ಮಾಡ್ರಿ." ನಿಮಗೆ ತಲುಪಲಿ ಎಂದು ಬರೆದಿದ್ದೇನೆ.

ಹಗುರದ್ದು ಹೊಡೆಯುವಾಗ ಗುರಿ ತಂಬಿಗೆಯ ನೀರಿನ ಹಾಗೆ ಅಲುಗಿತು. ನೀವು ಹಿಂದಿನಿಂದ ಬಂದು ನನ್ನ ಹೆಗಲ ಮೇಲೆ ಎರಡು ಬೆರಳು ಇಟ್ಟಿರಿ. ನಿಂತಿತು. ಕೊನೆಗೆ ಮ್ಯಾಗ್ನಮ್ ತುಂಬಿದೆ. ಒತ್ತಿದೆ. ಅಣ್ಣಾ, ಅದು ಸದ್ದು ಅಲ್ಲ. ಎದೆಯ ಬಾಗಿಲು ಯಾರೋ ದೂಡಿದ ಹಾಗಾಯಿತು. ಗುಡ್ಡದಿಂದ ಮರುದನಿ ಬಂತು. ಆಮೇಲೆ ನೋಡಿದರೆ ನಾನು ನಗುತ್ತಿದ್ದೆ, ತಡೆಯಲಾಗಲಿಲ್ಲ. ತಿರುಗಿ ನಿಮ್ಮ ಕಡೆ ನೋಡಿದೆ. ನಿಮ್ಮ ಕಣ್ಣಲ್ಲಿ ನೀರಿತ್ತು. ನನ್ನ ಮುಖದಲ್ಲಿ ನೀವು ಯಾರನ್ನು ಕಂಡಿರಿ ಎಂದು ನಾನು ಕೇಳುವುದಿಲ್ಲ.

ಅವರು ಭಾನುವಾರ ಮನೆಗೆ ಬಂದು ನನಗೆ ಇದನ್ನು ಹೇಳಲು ಎಷ್ಟು ಸಲ ಬಾಯಿ ತೆರೆದಿದ್ದರೋ. ನಾನು ಒಳಗೆ ಎದ್ದು ಹೋಗುತ್ತಿದ್ದೆ. ಈಗ ಹೇಳುವ ಅಗತ್ಯವಿಲ್ಲ, ನನಗೆ ಗೊತ್ತಾಗಿದೆ. ಇದನ್ನು ನನಗೆ ಗೊತ್ತು ಮಾಡಿಸಿದವರು ನೀವು.

ರೇಂಜಿನವರು ಒಪ್ಪಿ ನಿಮಗೂ ಒಂದು ಸುತ್ತು ಹೊಡೆಯಲು ಹೇಳಿದಾಗ ನೀವು ಕೈ ತೋರಿಸಿ ನಡುಗುತ್ತದೆ ಎಂದಿರಿ. ಅತ್ತಿಗೆ, "ನಡುಗಿದ್ರ ನಡುಗಲಿ ಬಿಡ್ರಿ, ಇಲ್ಲಿ ಯಾರು ಪರೀಕ್ಷಾಕ್ಕ ಬಂದಾರ!" ಎಂದು ನಿಮ್ಮನ್ನು ದೂಡಿದರು. ಆರರಲ್ಲಿ ಒಂದು ಗುರಿಯ ಕಪ್ಪು ಚಕ್ರದ ನಡುವೆ ಬಿತ್ತು, ಉಳಿದವು ಎಲ್ಲಿಗೋ ಹೋದವು. ಆ ಒಂದಕ್ಕೆ ಶೋಭಾ ಗೇಟಿನ ಹೊರಗಿನಿಂದಲೇ ಚಪ್ಪಾಳೆ ಹೊಡೆದಳು. ಯಾವಾಗ ಒಳಗೆ ಬಂದಳೋ ಗೊತ್ತಾಗಲಿಲ್ಲ. ನಮ್ಮಿಬ್ಬರ ಗುರಿಯ ಕಾಗದಗಳನ್ನೂ ಸುತ್ತಿಕೊಂಡು ಗುಂತಕಲ್ಲಿಗೆ ಒಯ್ದಿದ್ದಾಳೆ.

ನಿಮಗೂ ಅತ್ತಿಗೆಗೂ ನನ್ನ ನಮಸ್ಕಾರ.

ಸುಜಾತಾ

*

ಆಸ್ಪರಿ
20 ಫೆಬ್ರವರಿ 2024

ತಂಗಿ ಸುಜಾತಾಗೆ,

ನಿನ್ನ ಎಡಗೈ ಸ್ವಲ್ಪ ಕೆಳಗೆ ಇತ್ತು. ಹಿಡಿಯ ಮೇಲೆ ಇನ್ನೂ ಬೆರಳಷ್ಟು ಎತ್ತಿ ಹಿಡಿದರೆ ನೆಗೆತ ಕಡಿಮೆಯಾಗುತ್ತದೆ. ಉಳಿದದ್ದೆಲ್ಲ ಚೆನ್ನಾಗಿತ್ತು. ಯಂಕಣ್ಣನಿಗೆ ಹೇಳು, ನನಗೆ ಅವನ ಮಾತು ತಲುಪಿತು, ಮನಸ್ಸಿನಲ್ಲಿ ಏನೂ ಇಲ್ಲ ಎಂದು.

ಆ ದಿನ ಮನೆಗೆ ಬಂದೆವು. ಪಕೀರಮ್ಮ ತಾಟು ಹಾಕಿ, ಕೈ ತೊಳೆಯಿರಿ ಎಂದು ಸನ್ನೆ ಮಾಡಿದಳು. ನಾನು ಕೈ ಮೂಸಿ ನೋಡಿದೆ. ಮದ್ದಿನ ವಾಸನೆ ಇನ್ನೂ ಇತ್ತು. ಎಷ್ಟು ವರ್ಷವಾಗಿತ್ತು. ತೊಳೆಯಲು ಮನಸ್ಸು ಬರಲಿಲ್ಲ, ಹಾಗೇ ಕೂತೆ. ಅವಳು ಬಂದು ನನ್ನ ಕೈ ಹಿಡಿದು ತಾನೂ ಒಮ್ಮೆ ಮೂಸಿ ನೋಡಿದಳು. ಎದುರಿಗೆ ಕೂತು, ರೊಟ್ಟಿ ಮುರಿದು ಪಲ್ಯ ಹಚ್ಚಿ, ನನಗೆ ತಿಳಿಯುವಂತೆ ನಿಧಾನವಾಗಿ ತುಟಿ ಆಡಿಸಿ ಹೇಳಿದಳು: "ತೊಳಕೊಳ್ಳಂಗಿಲ್ಲಂದ್ರ ಬಾಯಿ ತಗೀರಿ."

ತೆರೆದೆ.

ನಿನ್ನ ಅಣ್ಣ,
ಮೌಲಾಲಿ